ಜೋಡಿ ಹುಳುಗಳ ತೂಕ

ಮಾರ್ಚ್ 3, ಸೋಮವಾರ

ಇವತ್ತಿನಿಂದ ನಾನು ಮೀನು ಕೋಣೆಯವಳು. ಮೇಲಿನ ಮಹಡಿಯಲ್ಲಿ ಒಂಬತ್ತು ವರ್ಷ ಕೂತ ಮೇಜು ಬಿಟ್ಟು, ನೆಲಮಾಳಿಗೆಗೆ ಇಳಿದು, ರಬ್ಬರ್ ಬೂಟು ಹಾಕಿಕೊಂಡು ತೊಟ್ಟಿ ತೊಳೆದೆ. ನಮ್ಮ ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಪ್ರೊಫೆಸರ್ ಹಾರ್ಬೆಕ್ ಇದಕ್ಕೆ ‘ತಾತ್ಕಾಲಿಕ ವ್ಯವಸ್ಥೆ’ ಎಂದು ಹೆಸರಿಟ್ಟಿದ್ದಾರೆ. ಮುಖ ನೋಡಿ ಹೇಳುವ ಧೈರ್ಯವೂ ಅವರಿಗಿರಲಿಲ್ಲ. ಕಿಟಕಿಯ ಕಡೆ ತಿರುಗಿ, ಸರೋವರದಲ್ಲಿ ಈಜುತ್ತಿದ್ದ ಬಾತುಗಳಿಗೆ ಹೇಳಿದರು.

ಎಲ್ಲ ಡೋರ್ಟೆಯ ಕೃಪೆ. ಹತ್ತು ವರ್ಷದ ಗೆಳತಿ, ನನ್ನ ಜೊತೆ ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಹುಳು ಬೆಳೆಸಿದವಳು. ಕಳೆದ ಅಕ್ಟೋಬರಿನಲ್ಲಿ ನನ್ನ ಪ್ರಬಂಧ ಅಚ್ಚಾದ ವಾರದಲ್ಲೇ ವಿಚಾರಣಾ ಸಮಿತಿಯ ಮುಂದೆ ಹೋಗಿ ಕೂತಳು. ಲೆಕ್ಕ ಅತಿ ಚೊಕ್ಕವಾಗಿದೆ, ಹುಳುಗಳು ಇಷ್ಟು ಚೊಕ್ಕವಾಗಿ ನಡೆದುಕೊಳ್ಳುವುದಿಲ್ಲ, ವೀಬ್ಕೆ, ಅಂದರೆ ನಾನು, ತನಗೆ ಒಗ್ಗದ ಮೊಟ್ಟೆಯ ತಟ್ಟೆಗಳನ್ನು ಲೆಕ್ಕದಿಂದ ಬಿಟ್ಟಿರಬೇಕು ಎಂದಳಂತೆ. ಬಿಟ್ಟಿರಬೇಕಂತೆ. ಬೆನ್ನಿಗೆ ಚೂರಿ ಹಾಕುವವರು ಕಡೇ ಪಕ್ಷ ಅಳುಕುತ್ತಾರೆ, ಇವಳು ಕನ್ನಡಕ ಒರೆಸಿಕೊಂಡು ಹಾಕಿದಳು.

ಅಷ್ಟಕ್ಕೂ ನಾನು ಬರೆದದ್ದೇನು? ನಮ್ಮ ಸರೋವರದ ಮುಳ್ಳುಮೀನಿನ ಹೊಟ್ಟೆಯಲ್ಲಿ ಒಂದು ಬಿಳಿ ಲಾಡಿಹುಳು ಇರುತ್ತದೆ. ಮೀನನ್ನು ಹಕ್ಕಿ ನುಂಗಿದರೆ ಹಕ್ಕಿಯ ಬೆಚ್ಚನೆಯ ಕರುಳಿನಲ್ಲಿ ಅದು ಮೊಟ್ಟೆಯಿಡುತ್ತದೆ. ನಮ್ಮಲ್ಲಿ ಆ ಕರುಳಿನ ಬದಲು ಬಿಸಿನೀರಿನ ತೊಟ್ಟಿ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಕ್ಕಿದರೆ ಇನ್ನೊಂದನ್ನು ಕೂಡುತ್ತದೆ, ಸಿಗದಿದ್ದರೆ ತನ್ನನ್ನು ತಾನೇ ಕೂಡಿಕೊಳ್ಳುತ್ತದೆ. ಒಂಟಿ ಹುಳುವಿನ ಮೊಟ್ಟೆಗಳು ಅರ್ಧಕ್ಕರ್ಧ ಒಡೆಯುವುದೇ ಇಲ್ಲ, ಒಡೆದರೂ ಮರಿಗಳು ಬಡಕಲು. ಜೋಡಿಯ ಮರಿಗಳು ಗಟ್ಟಿ, ಚುರುಕು. ನಾನು ಬರೆದದ್ದು ಇಷ್ಟೇ.

ನಾನು ಒಂದು ತಟ್ಟೆಯನ್ನೂ ಬಿಟ್ಟಿರಲಿಲ್ಲ. ಬೂಜು ಹಿಡಿದ ತಟ್ಟೆಯನ್ನೂ ಎಣಿಸಿದ್ದೆ. ಕೈತಪ್ಪಿ ಅರ್ಧ ಚೆಲ್ಲಿಹೋದದ್ದನ್ನು ಚೆಲ್ಲಿಹೋಯಿತು ಎಂದೇ ಬರೆದಿದ್ದೆ. ದೇವರಾಣೆ. ನನಗೆ ಕೋಪ, ಹಟ, ಹರಕು ಬಾಯಿ ಎಲ್ಲ ಇದೆ, ಕಳ್ಳಗಣ್ಣು ಮಾತ್ರ ಇಲ್ಲ.

ಈಗ ಸಮಿತಿಯ ತೀರ್ಮಾನ: ಅದೇ ಪ್ರಯೋಗವನ್ನು ಡೋರ್ಟೆ ಮೊದಲಿಂದ ಮಾಡಬೇಕು. ನನ್ನ ಫಲವೇ ಬಂದರೆ ನನ್ನ ಹೆಸರು ಚೊಕ್ಕ, ಮೇಜು ವಾಪಸ್ಸು. ಬಾರದಿದ್ದರೆ ಜುಲೈ ಕೊನೆಗೆ ನನ್ನ ಕರಾರು ಮುಗಿಯುತ್ತದೆ, ಆಮೇಲೆ ಯಾವ ಸಂಸ್ಥೆಯೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಇದರಲ್ಲಿ ತಮಾಷೆ ಏನೆಂದರೆ, ಮೀನು ಸೀಳಿ ಅವಳಿಗೆ ಹುಳು ತೆಗೆದುಕೊಡಬೇಕಾದವಳು ನಾನು.

ಮಾರ್ಚ್ 12, ಬುಧವಾರ

ಬೆಳಗ್ಗೆ ಬಲೆ ಎತ್ತಿದೆ. ನೀರಿನ ಅಂಚಿನಲ್ಲಿ ಇನ್ನೂ ಹಾಳೆ ತೆಳುವಿನ ಮಂಜುಗಡ್ಡೆ. ಹೊಟ್ಟೆ ಉಬ್ಬಿದ ಮೀನುಗಳನ್ನು ಆರಿಸಿ, ಸೀಳಿ, ಹುಳುಗಳನ್ನು ಉಪ್ಪುನೀರಿಗೆ ಹಾಕಿಟ್ಟೆ.

ಡೋರ್ಟೆ ಇಳಿದುಬಂದಳು. ‘ಹೇಗಿದೀಯ, ವೀಬ್ಕೆ?’ ಎಂದಳು. ನಾನು ‘ನಿಮ್ಮ ಹುಳುಗಳು ಆ ಕಡೆ ಇವೆ, ತಗೊಳ್ಳಿ’ ಎಂದೆ. ಹತ್ತು ವರ್ಷ ನೀನು ಎಂದವಳಿಗೆ ನೀವು ಎನ್ನುವುದು ಈ ಊರಿನಲ್ಲಿ ಕಪಾಳಕ್ಕೆ ಹೊಡೆದ ಹಾಗೆ. ಅವಳ ಕಿವಿ ಕೆಂಪಾಯಿತು. ನೋಡಿ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಅವಳು ಹುಳುಗಳನ್ನು ಜೋಡಿ ಮಾಡಿದ ರೀತಿ ನೋಡಿದೆ. ಇಕ್ಕಳಕ್ಕೆ ಸಿಕ್ಕ ಮೊದಲಿನದು, ಎರಡನೆಯದು, ಎರಡನ್ನೂ ಒಂದು ಬಲೆಚೀಲಕ್ಕೆ ಹಾಕಿದಳು. ಒಂದು ಅಂಗೈ ಉದ್ದ, ಇನ್ನೊಂದು ಉಗುರಿನಷ್ಟು. ತೂಗಲೇ ಇಲ್ಲ.

ನಾನು ಯಾವತ್ತೂ ತೂಗಿ, ಸಮ ಇರುವವನ್ನೇ ಆರಿಸಿ ಜೋಡಿ ಕಟ್ಟಿದವಳು. ಆಗ ಡೋರ್ಟೆಯ ಕೆಲಸ ಮರಿಗಳ ಕಡೆ, ಜೋಡಿ ಕಟ್ಟುತ್ತಿದ್ದುದು ನಾನೊಬ್ಬಳೇ. ಪ್ರಬಂಧದಲ್ಲಿ ತೂಕದ ಮಾತು ಬರೆದಿಲ್ಲ, ಬರೆಯಬೇಕೆಂದು ಹೊಳೆದಿರಲೂ ಇಲ್ಲ. ಚಹಾ ಮಾಡಿದವರು ಮೊದಲು ನೀರು ಕಾಯಿಸಿದೆ ಎಂದು ಹೇಳುತ್ತಾರೆಯೇ?

ಈಡುಜೋಡು ಸರಿಯಿಲ್ಲದ ಹುಳುಗಳು ಕೂಡುವುದಿಲ್ಲ. ಕೊಟ್ಟಷ್ಟು ವಾಪಸ್ಸು ಬರುವುದಿಲ್ಲ ಎಂದು ತಿಳಿದರೆ ಎರಡೂ ತಮ್ಮ ಪಾಡಿಗೆ ತಾವೇ ಮೊಟ್ಟೆಯಿಡುತ್ತವೆ. ಒಂದೇ ಚೀಲದಲ್ಲಿ ಎರಡು ಒಂಟಿಗಳು, ಅಷ್ಟೇ.

ಬಾಯಿ ತೆರೆದೆ. ಮುಚ್ಚಿದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಇವತ್ತು ತಪ್ಪಿನ ಕೇಕು ನಮ್ಮ ಜೊತೆ ಕೆಲಸ ಮಾಡುವ ಓನ್ನೋನದು. ಅವನು ಶೀತಪೆಟ್ಟಿಗೆಯ ಬಾಗಿಲು ತೆರೆದಿಟ್ಟು ವಾರದ ಮಾದರಿಗಳನ್ನೆಲ್ಲ ಕೊಳೆಸಿದ್ದ. ನಮ್ಮಲ್ಲಿ ಯಾರು ಏನನ್ನು ಹಾಳು ಮಾಡಿದರೂ ಶುಕ್ರವಾರ ಕಾಫಿಯ ಹೊತ್ತಿಗೆ ಕೇಕು ತಂದು, ಎಲ್ಲರೆದುರು ನಿಂತು, ಏನು ಹಾಳು ಮಾಡಿದೆ ಎಂದು ಒಪ್ಪಿಕೊಳ್ಳಬೇಕು. ಎಲ್ಲರೂ ನಕ್ಕು ತಿಂದರೆ ತಪ್ಪು ಮುಗಿಯಿತು. ಆಮೇಲೆ ಅದನ್ನು ಯಾರೂ ಎತ್ತುವ ಹಾಗಿಲ್ಲ. ಈ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ, ನಾನು ಬಂದಾಗಲೇ ಇತ್ತು.

ಓನ್ನೋ ನಗುನಗುತ್ತಾ ಸೇಬಿನ ಕೇಕು ಹಂಚುತ್ತಿದ್ದಾಗ ನನಗೆ ಒಂದು ಬಯಕೆ ಹುಟ್ಟಿತು. ಡೋರ್ಟೆ ಆ ಜಾಗದಲ್ಲಿ ನಿಲ್ಲಬೇಕು. ಕೈಯಲ್ಲಿ ತಟ್ಟೆ ಹಿಡಿದು, ಈ ಮಂದಿಯೆಲ್ಲರ ಎದುರು, ನಾನು ವೀಬ್ಕೆಯನ್ನು ಹಾಳು ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ಮೊದಲನೇ ತುಂಡು ನಾನು ತಿನ್ನಬೇಕು.

ಏಪ್ರಿಲ್ 11, ಶುಕ್ರವಾರ

ಬಂತು. ಡೋರ್ಟೆಯ ಫಲಿತಾಂಶ ಬಂತು. ಒಂಟಿ ಹುಳುಗಳ ಮೊಟ್ಟೆಗೂ ಜೋಡಿ ಹುಳುಗಳ ಮೊಟ್ಟೆಗೂ ವ್ಯತ್ಯಾಸವೇ ಇಲ್ಲವಂತೆ. ಎರಡೂ ಸಮಸಮ ಕಳಪೆ.

ಕಾಫಿ ಕೋಣೆಗೆ ನಾನು ಹೋದಾಗ ಮಾತು ನಿಂತಿತು. ಓನ್ನೋ ಕೂಡ ಬಟ್ಟಲೊಳಗೆ ಏನೋ ಬಿದ್ದವನ ಹಾಗೆ ಬಗ್ಗಿ ನೋಡುತ್ತಿದ್ದ. ಜೂನ್ ಆರರಂದು ವಾರ್ಷಿಕ ಸಭೆ, ಬೇರೆ ಊರಿನ ಅತಿಥಿಗಳೂ ಬರುತ್ತಾರೆ. ಡೋರ್ಟೆ ಅಲ್ಲಿ ಇದನ್ನು ಮಂಡಿಸುತ್ತಾಳೆ, ಅದನ್ನು ಕೇಳಿ ಸಮಿತಿ ನನ್ನ ಕಡತ ಮುಚ್ಚುತ್ತದೆ ಎಂದು ಹಾರ್ಬೆಕ್ ಹೇಳಿದರು. ಈ ಸಲ ಬಾತುಗಳೂ ಇರಲಿಲ್ಲ, ನನ್ನ ಬೂಟು ನೋಡಿಕೊಂಡು ಹೇಳಿದರು.

ಅಳಬೇಕಿತ್ತು. ನಗು ಬಂತು. ತೂಕ ನೋಡದೆ ಜೋಡಿ ಕಟ್ಟಿದರೆ ಇನ್ನೇನು ಬರುತ್ತದೆ? ಒಂದೇ ಮಾತು ಹೇಳಿದರೆ ಸಾಕು, ಅವಳು ಮತ್ತೆ ಮಾಡುತ್ತಾಳೆ, ಮೇ ಮುಗಿಯುವುದರೊಳಗೆ ನನ್ನ ಮೇಜು ನನಗೆ. ಆದರೆ ಆಗ ಎಲ್ಲ ಸದ್ದಿಲ್ಲದೆ ಮುಗಿಯುತ್ತದೆ. ‘ಸಣ್ಣ ತಾಂತ್ರಿಕ ಲೋಪ’ ಎಂದು ಹಾರ್ಬೆಕ್ ಒಂದು ಸಾಲು ಬರೆಯುತ್ತಾರೆ. ನನ್ನ ಆರು ತಿಂಗಳಿಗೆ, ನನ್ನನ್ನು ಕಂಡು ನಿಂತುಹೋದ ಮಾತುಗಳಿಗೆ, ಒಂದು ಸಾಲು.

ಬೇಡ. ಅವಳು ಏಣಿ ಪೂರಾ ಹತ್ತಲಿ.

ಏಪ್ರಿಲ್ 15, ಮಂಗಳವಾರ

ಡೋರ್ಟೆ ಇವತ್ತು ತಾನೇ ಕೆಳಗೆ ಬಂದಳು. ಕಣ್ಣ ಕೆಳಗೆ ಕಪ್ಪು. ತೊಟ್ಟಿಯ ಅಂಚಿನ ಮೇಲೆ ಕೂತು ಮೀನುಗಳನ್ನು ನೋಡುತ್ತಾ ಕೇಳಿದಳು:

‘ವೀಬ್ಕೆ, ನಾನು ಏನಾದ್ರೂ ಬಿಟ್ಟಿದೀನಾ? ನೀನು ಬರ್ದಿರೋದನ್ನ ಅಕ್ಷರ ಬಿಡದೆ ಮಾಡಿದೆ. ಆದ್ರೂ ನನಗ್ಯಾಕೋ ಸಮಾಧಾನ ಇಲ್ಲ. ನೀನು ಮಾಡ್ತಿದ್ದಾಗ ಹೇಗ್ ಮಾಡ್ತಿದ್ದೆ, ಒಂದ್ಸಲ ತೋರ್ಸು.’

‘ಬರೆದಿದೀನಲ್ಲ, ಡಾಕ್ಟರ್ ಪೀಟರ್ಸೆನ್,’ ಎಂದೆ, ಬೇಕೆಂದೇ ಅವಳ ಮನೆತನದ ಹೆಸರು ಹಿಡಿದು. ‘ನಿಮಗೆ ಓದೋಕೆ ಬರುತ್ತೆ.’

‘ನಿನ್ನ ಫಲಾನೇ ಬರ್ಲಿ ಅಂತಾನೇ ನಾನು ಕಾಯ್ತಿದ್ದೆ. ನಂಬು ಬಿಡು, ನಿನ್ನಿಷ್ಟ.’

ಎಂಥ ನಾಟಕ. ಬೆಂಕಿ ಹಚ್ಚಿದವಳೇ ಈಗ ಕೊಡ ಹಿಡಿದುಕೊಂಡು ನೀರು ಎಲ್ಲಿದೆ ಎಂದು ಕೇಳುತ್ತಾಳೆ. ನಾನು ಮೇವಿನ ಬಕೆಟ್ ಎತ್ತಿಕೊಂಡು ಆಚೆ ಹೋದೆ. ತಿರುಗಿ ಬಂದಾಗ ಅವಳು ಹೋಗಿದ್ದಳು. ತೊಟ್ಟಿಯ ಪಕ್ಕ ಒಂದು ಚಾಕೊಲೇಟ್ ಮೊಟ್ಟೆ ಇಟ್ಟಿದ್ದಳು, ಈಸ್ಟರ್ ಬಂತಲ್ಲ. ಕಸಕ್ಕೆ ಎಸೆದೆ.

ಏಪ್ರಿಲ್ 20, ಈಸ್ಟರ್ ಭಾನುವಾರ

ಗೇಸಾ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಹೋದ ಮೇಲೆ ನಾನು ಅವಳ ಮನೆಯ ಮೇಲ್ಮಹಡಿಯಲ್ಲೇ ಇದ್ದೇನೆ. ಅವಳದ್ದು ಮೊಲಗಳ ಲೋಕ. ಊರಿನ ಮೊಲ ಸಾಕುವವರ ಸಂಘದಲ್ಲಿ ಮೂರು ಬಾರಿ ಬಹುಮಾನ ಗೆದ್ದವಳು, ಪಕ್ಕದ ಬೀದಿಯ ಕ್ರೂಝೆ ಇವಳ ಗಂಡು ಮೊಲವನ್ನು ಕೇಳದೆ ಮರಿ ಹಾಕಿಸಲು ಬಳಸಿಕೊಂಡ ಎಂದು ಅವನ ಜೊತೆ ಮಾತು ಬಿಟ್ಟು ಯಾವ ಕಾಲವಾಯಿತೋ.

ಕುರಿಮಾಂಸಕ್ಕೆ ಪುದೀನ ಸವರುತ್ತಾ ಕೇಳಿಸಿಕೊಂಡಳು. ನನ್ನ ಯೋಜನೆ ಮುಗಿದ ಮೇಲೆ ಚಾಕು ಕೆಳಗಿಟ್ಟು, ‘ಭೇಷ್ ಮಗಳೇ, ನಮ್ಮ ಮನೆತನದವಳೇ ನೀನು,’ ಎಂದಳು. ‘ಎಲ್ಲರ ಮುಂದೇನೇ ಕೊಡ್ಬೇಕು ಅವಳಿಗೆ. ಮರೇಲಿ ಕೊಟ್ಟ ಪೆಟ್ಟು ಪೆಟ್ಟೇ ಅಲ್ಲ.’

ನಾವಿಬ್ಬರೂ ಧಾನ್ಯದ ಮದ್ಯ ಕುಡಿದೆವು. ಬಹಳ ದಿನದ ಮೇಲೆ ಊಟ ರುಚಿಸಿತು.

ಏಪ್ರಿಲ್ 23, ಬುಧವಾರ

ಶುರು ಮಾಡಿದೆ. ಮೀನು ಕೋಣೆಯ ಮೂಲೆಯಲ್ಲಿ ಯಾರೂ ಮುಟ್ಟದ ಒಂದು ಹಳೆಯ ಬಿಸಿನೀರಿನ ತೊಟ್ಟಿ ಇದೆ. ತೊಳೆದು, ಹಕ್ಕಿಯ ಮೈಬಿಸಿಗೆ ಕಾಯಿಸಿ, ಕಪ್ಪು ಬಟ್ಟೆ ಮುಚ್ಚಿದ್ದೇನೆ. ಹನ್ನೆರಡು ಚೀಲದಲ್ಲಿ ಸಮ ತೂಕದ ಜೋಡಿಗಳು. ಹನ್ನೆರಡರಲ್ಲಿ ಡೋರ್ಟೆಯ ಶೈಲಿಯ ಜೋಡಿಗಳು, ಅಂದರೆ ಆನೆಗೂ ಇಲಿಗೂ ಮದುವೆ. ಇನ್ನು ಹನ್ನೆರಡರಲ್ಲಿ ಒಂಟಿಗಳು. ಓನ್ನೋ ಬಂದು ಬಟ್ಟೆಯ ಕೆಳಗೇನು ಎಂದು ಕೇಳಿದ. ಮೀನಿಗೆ ಔಷಧಿ ಎಂದೆ. ಅವನು ನಂಬಿ ಹೋದ. ಸುಳ್ಳು ಹೇಳಬೇಕಾಯಿತು, ಡೋರ್ಟೆಯಿಂದಾಗಿ.

ಮೇ 9, ಶುಕ್ರವಾರ

ಮೊಟ್ಟೆ ಸಿಕ್ಕಿವೆ, ಎಲ್ಲ ತಟ್ಟೆಗಳೂ ಕತ್ತಲೆಯಲ್ಲಿ ಕೂತಿವೆ. ಕಾಯುವುದು ಕಷ್ಟ.

ಮನಸ್ಸಿನಲ್ಲೇ ಜೂನ್ ಆರರ ಮಾತುಗಳನ್ನು ಕಟ್ಟುತ್ತೇನೆ, ಒಡೆಯುತ್ತೇನೆ. ಒಂದು ಸಲ ಅವಳು ಅಳುತ್ತಾಳೆ. ಒಂದು ಸಲ ಎದ್ದು ಹೋಗುತ್ತಾಳೆ. ಎದ್ದು ಹೋಗುವುದು ನನಗೆ ಇಷ್ಟವಿಲ್ಲ, ಕೂತು ಕೇಳಬೇಕು.

ಮೇ 21, ಬುಧವಾರ

ಕತ್ತಲೆ ಮುಗಿಸಿ ತಟ್ಟೆಗಳಿಗೆ ಬೆಳಕು ಬಿಟ್ಟೆ. ಬೆಳಕು ಬಿದ್ದರೆ ಮೊಟ್ಟೆಯ ಮುಚ್ಚಳ ತೆರೆದು ಮರಿಗಳು ಈಜಿ ಬರುತ್ತವೆ, ಕಣ್ಣಿಗೆ ಕಾಣುವ ಧೂಳಿನಷ್ಟು.

ಸಮ ಜೋಡಿಯ ಮೊದಲ ತಟ್ಟೆಯಲ್ಲಿ ನೀರೇ ಕುದಿಯುತ್ತಿರುವ ಹಾಗೆ ಕಂಡಿತು. ಎರಡನೆಯದೂ ಹಾಗೆ. ಮೂರನೆಯದೂ. ನಾನು ನೆಲಮಾಳಿಗೆಯಲ್ಲಿ ಒಬ್ಬಳೇ ಕುಣಿದೆ, ಬೂಟು ಹಾಕಿಕೊಂಡೇ. ಆನೆ-ಇಲಿ ಜೋಡಿಗಳ ತಟ್ಟೆಗಳು ಒಂಟಿಗಳ ಹಾಗೆಯೇ ಸಪ್ಪೆ. ಹೇಳಿರಲಿಲ್ಲವೇ ನಾನು?

ಸಮ ಜೋಡಿಯ ಹನ್ನೆರಡನೆಯ ತಟ್ಟೆ ಮಾತ್ರ ಕೈಕೊಟ್ಟಿತು. ಒಂಟಿಗಳಿಗಿಂತ ಕಡೆ. ಎರಡು ಸಲ ಎಣಿಸಿದೆ. ತೂಕ ಸರಿಯಿತ್ತು, ನೀರು ಸರಿಯಿತ್ತು. ಕೆಲವು ಹುಳುಗಳು ಹಾಗೆ, ಯಾರ ಜೊತೆಗೂ ಸೇರುವುದಿಲ್ಲ.

ಅದನ್ನು ಸೇರಿಸಿಯೂ ವ್ಯತ್ಯಾಸ ಇದೆ, ನಾನು ಹೇಳಿದ್ದೇ ಸರಿ. ಆದರೆ ಅದೊಂದರಿಂದ ಲೆಕ್ಕದ ಚಿತ್ರದಲ್ಲಿ ಗೆರೆ ಉದ್ದ ಬಾಲ ಬಿಟ್ಟ ಹಾಗೆ ಕೆಳಕ್ಕೆ ಜಗ್ಗುತ್ತದೆ. ಯಾರಾದರೂ ಕೈಯೆತ್ತಿ ಇದೇನು ಎಂದು ಕೇಳುತ್ತಾರೆ, ಆಮೇಲೆ ಚರ್ಚೆ, ಇನ್ನಷ್ಟು ಪರೀಕ್ಷೆ ಆಗಲಿ ಎಂಬ ಸಲಹೆ. ಡೋರ್ಟೆಗೆ ಅಡಗಿಕೊಳ್ಳಲು ಒಂದು ಬಿಲ ಸಿಗುತ್ತದೆ.

ಮೇ 22, ಗುರುವಾರ

ಹನ್ನೆರಡನೆಯ ತಟ್ಟೆಯನ್ನು ಇವತ್ತು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು, ಊಟದ ಹೊತ್ತು ಮೀರುವವರೆಗೂ ನೋಡಿದೆ. ಅಂಚಿನಲ್ಲಿ ಬೂಜು ಇದೆ. ಒಂದು ನೂಲೆಳೆಯಷ್ಟು, ಆದರೆ ಇದೆ. ಬೂಜು ಹಿಡಿದ ತಟ್ಟೆಯಿಂದ ಏನು ತಿಳಿದೀತು? ನೀರೇ ಕೆಟ್ಟಿರುತ್ತದೆ. ಅದನ್ನು ತೆಗೆದು ಪಕ್ಕಕ್ಕೆ ಹಾಕಿದೆ. ಹಾಗೆ ಮಾಡುವುದೇ ಸರಿ. ಉಳಿದ ತಟ್ಟೆಗಳನ್ನು ಅಷ್ಟು ಹೊತ್ತು ನೋಡುವ ಅಗತ್ಯ ಬೀಳಲಿಲ್ಲ.

ಚಿತ್ರ ಈಗ ಎಷ್ಟು ಚೆಂದ ಕಾಣುತ್ತದೆ. ಕುರುಡನಿಗೂ ತಿಳಿಯಬೇಕು.

ಮೇ 29, ಗುರುವಾರ

ರಜೆ, ಅಪ್ಪಂದಿರ ದಿನ. ಗಂಡಸರೆಲ್ಲ ಕೈಗಾಡಿಯಲ್ಲಿ ಬಿಯರ್ ಪೀಪಾಯಿ ಹೇರಿಕೊಂಡು ಸರೋವರದ ದಾರಿಯಲ್ಲಿ ಹಾಡುತ್ತಾ ಹೋದರು. ನಾನು ಅಡುಗೆ ಮನೆಯಲ್ಲಿ ಚಿಕ್ಕಮ್ಮನ ಮುಂದೆ ಭಾಷಣ ಅಭ್ಯಾಸ ಮಾಡಿದೆ. ನಡುವೆ ಅವಳು ಎದ್ದು ಮೊಲಗಳಿಗೆ ಸೊಪ್ಪು ಹಾಕಲು ಹೊರಟಳು. ಇನ್ನೂ ಮುಗಿದಿಲ್ಲ ಎಂದೆ.

‘ಸಾಕು ಕಣೇ,’ ಎಂದಳು. ‘ಬೆಳಗ್ಗೆ ತಿಂಡಿಗೆ ಡೋರ್ಟೆ, ರಾತ್ರಿ ಸಾರಿಗೆ ಡೋರ್ಟೆ. ಕ್ರೂಝೆ ಮೇಲೆ ನನಗೂ ಸಿಟ್ಟಿದೆ, ಆದ್ರೆ ಅವನನ್ನ ತಂದು ಊಟದ ಮೇಜಿಗೆ ಕೂರಿಸ್ಕೊಂಡಿಲ್ಲ. ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು ನೀನು?’

ವಯಸ್ಸಾಯಿತು ಅವಳಿಗೆ. ಈಸ್ಟರ್ ದಿನ ಭೇಷ್ ಎಂದವಳು ಇವಳೇ. ಅವಳೂ ಬದಲಾದಳು.

ಜೂನ್ 6, ಶುಕ್ರವಾರ

ನಿಧಾನವಾಗಿ ಬರೆಯುತ್ತೇನೆ, ಒಂದೂ ಬಿಡದೆ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹಾರ್ಬೆಕ್, ಸಮಿತಿಯವರು, ಅತಿಥಿಗಳು. ಡೋರ್ಟೆ ನೀಲಿ ಅಂಗಿ ಹಾಕಿಕೊಂಡಿದ್ದಳು. ನನ್ನ ಹೆಸರನ್ನು ಗೌರವದಿಂದಲೇ ಹೇಳಿದಳು, ತಾನು ಇದನ್ನು ಸಂತೋಷದಿಂದ ಮಂಡಿಸುತ್ತಿಲ್ಲ ಎಂದಳು, ಮಂಡಿಸಿದಳು. ಪ್ರಶ್ನೆಗಳಿವೆಯೇ ಎಂದಾಗ ನಾನು ಹಿಂದಿನ ಸಾಲಿನಲ್ಲಿ ಎದ್ದು ನಿಂತೆ.

‘ಜೋಡಿಗಳನ್ನ ತೂಗಿದ್ರಾ, ಡಾಕ್ಟರ್ ಪೀಟರ್ಸೆನ್?’

‘ಇಲ್ಲ,’ ಎಂದಳು. ‘ನಿಮ್ಮ ಪ್ರಬಂಧದಲ್ಲಿ ತೂಗಬೇಕು ಅಂತ ಇರಲಿಲ್ಲ.’

ಅವಳೂ ನನಗೆ ನೀವು ಎಂದದ್ದು ಇದೇ ಮೊದಲು. ನಾನು ಮುಂದೆ ಹೋಗಿ ನನ್ನ ಚಿತ್ರವನ್ನು ಪರದೆಯ ಮೇಲೆ ಹಾಕಿದೆ. ಮೇಲೆ ಸಮ ಜೋಡಿಗಳು, ಕೆಳಗೆ ಅವಳ ಜೋಡಿಗಳು, ಅವುಗಳ ಪಕ್ಕದಲ್ಲೇ ಒಂಟಿಗಳು. ವಿವರಿಸಲು ಹೆಚ್ಚು ಬೇಕಾಗಲಿಲ್ಲ. ಎರಡನೇ ಸಾಲಿನಲ್ಲಿ ಯಾರೋ ಸಣ್ಣಗೆ ಸಿಳ್ಳೆ ಹಾಕಿದರು. ಹಾರ್ಬೆಕ್ ಮೊದಲ ಸಲ ನನ್ನ ಮುಖ ನೋಡಿದರು.

ಡೋರ್ಟೆ ಅಳಲಿಲ್ಲ, ಎದ್ದೂ ಹೋಗಲಿಲ್ಲ. ಪರದೆಯ ಹತ್ತಿರ ಹೋಗಿ ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಸಭೆಯ ಕಡೆ ತಿರುಗಿ, ಅವರು ಹೇಳುವುದು ಸರಿ, ನನ್ನ ಪ್ರಯೋಗ ಬಿದ್ದುಹೋಯಿತು ಎಂದಳು. ಇಷ್ಟು ಬೇಗ ಒಪ್ಪಿಕೊಂಡುಬಿಡುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಕಟ್ಟಿಟ್ಟುಕೊಂಡಿದ್ದ ಮಾತು ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಯಲ್ಲೇ ಉಳಿಯಿತು. ಅದಕ್ಕೂ ಅವಳ ಮೇಲೆ ಸಿಟ್ಟು ಬಂತು.

ಜೂನ್ 13, ಶುಕ್ರವಾರ

ಸಮಿತಿ ನನ್ನ ಕಡತ ಮುಚ್ಚಿತು, ನನ್ನ ಪರವಾಗಿ. ಸೋಮವಾರದಿಂದ ಮೇಲಿನ ಮೇಜು ನನ್ನದು, ಕರಾರು ಮೂರು ವರ್ಷ ಮುಂದಕ್ಕೆ.

ಕಾಫಿಯ ಹೊತ್ತಿಗೆ ಡೋರ್ಟೆ ಕೇಕು ತಂದಳು. ಬೆಣ್ಣೆ ಕೇಕು, ನಮ್ಮಲ್ಲಿ ಮದುವೆಗೂ ಮಾಡುತ್ತಾರೆ, ಸಾವಿಗೂ ಮಾಡುತ್ತಾರೆ. ನಾನು ಬಯಸಿದ್ದ ಜಾಗದಲ್ಲೇ, ಓನ್ನೋ ಅವತ್ತು ನಿಂತಿದ್ದ ಕಡೆಯೇ ನಿಂತಳು. ಕೈಯಲ್ಲಿ ತಟ್ಟೆ.

‘ಜೋಡಿಗಳನ್ನ ತೂಗ್ಲಿಲ್ಲ, ಅದು ಸಣ್ಣ ತಪ್ಪು,’ ಎಂದಳು. ‘ದೊಡ್ಡ ತಪ್ಪು ಅಕ್ಟೋಬರಿನದು. ನನಗೆ ಅನುಮಾನ ಬಂದಾಗ ಮೊದಲು ವೀಬ್ಕೆ ಹತ್ರ ಹೋಗಿ ಕೇಳ್ಬೇಕಿತ್ತು. ಸಮಿತಿಗೆ ಹೋದೆ. ಹತ್ತು ವರ್ಷದ ಸ್ನೇಹಿತೇನ ಕಳ್ಳಿ ಅಂದೆ. ಇಂಥದ್ದಕ್ಕೆ ಕೇಕು ಸಾಲದು, ಗೊತ್ತು.’

ಯಾರೂ ನಗಲಿಲ್ಲ. ಮೊದಲನೇ ತುಂಡು ನನಗೇ ಕೊಟ್ಟಳು. ತಿಂದೆ. ಸಕ್ಕರೆ ಕಡಿಮೆಯಾಗಿತ್ತೋ ಏನೋ, ಏನೂ ಅನ್ನಿಸಲಿಲ್ಲ.

ಆಮೇಲೆ ಕಿಟಕಿಯ ಹತ್ತಿರ ಅವಳು ನನ್ನ ಪಕ್ಕ ಬಂದು ನಿಂತಳು. ಒಟ್ಟಿಗೆ ಮತ್ತೆ ದೊಡ್ಡದಾಗಿ ಮಾಡೋಣ, ಇಬ್ಬರ ಹೆಸರಲ್ಲಿ, ನಿನಗೆ ಮನಸ್ಸಿದ್ದರೆ ಎಂದಳು. ನಾನು ನೋಡೋಣ ಎಂದೆ.

‘ಸಮ ಜೋಡಿ ಎಷ್ಟು ಇಟ್ಟಿದ್ದೆ?’

‘ಹನ್ನೊಂದು.’

ಅವಳು ತಲೆಯಾಡಿಸಿದಳು. ಏನೋ ಕೇಳಲು ಬಾಯಿ ತೆರೆದು, ಬೇಡವೆಂದು ನಕ್ಕಳು. ‘ಇಲ್ಲ, ಕೇಳಲ್ಲ. ಅದೊಂದು ಪ್ರಶ್ನೆ ಇನ್ನು ಬದುಕಿರೋವರೆಗೂ ನಿನ್ನ ಕೇಳಲ್ಲ, ವೀಬ್ಕೆ.’

ಸೋಮವಾರ ಬೆಳಗ್ಗೆ ಅವಳೇ ಕೆಳಗೆ ಬಂದು ನನ್ನ ತಟ್ಟೆಗಳನ್ನೆಲ್ಲ ಮೇಲಕ್ಕೆ ಸಾಗಿಸಿಕೊಡುತ್ತಾಳಂತೆ. ಬೇಡವೆಂದರೂ ಕೇಳಲಿಲ್ಲ. ಕಾಫಿ ಬಟ್ಟಲುಗಳನ್ನು ತೊಳೆದು ನಿಂತಾಗ ಹಳೆಯ ಹಾಗೆ ನನ್ನ ಭುಜ ತಟ್ಟಿ ಹೋದಳು.

ಹನ್ನೊಂದು ಎಂದದ್ದು ಸುಳ್ಳಲ್ಲ. ಬೂಜು ಹಿಡಿದದ್ದು ಲೆಕ್ಕಕ್ಕೆ ಬರುವುದಿಲ್ಲ, ಅದು ಯಾರಿಗಾದರೂ ಗೊತ್ತಿರುವ ಮಾತು. ಆದರೆ ಆ ಹನ್ನೆರಡನೆಯದು ಇನ್ನೂ ಶೀತಕೋಣೆಯ ಕೆಳಗಿನ ಹಲಗೆಯ ಮೇಲಿದೆ, ಅದರ ಮೇಲೆ ನನ್ನ ಕೈಬರಹದಲ್ಲಿ ಸಂಖ್ಯೆಯೂ ಇದೆ. ನಾಳೆ ಶನಿವಾರ, ಮೀನಿಗೆ ಮೇವು ಹಾಕುವ ಪಾಳಿ ನನ್ನದಲ್ಲ. ಆದರೂ ಬೆಳಗ್ಗೆಯೇ ಹೋಗಿ ಅದನ್ನು ತೊಳೆದಿಟ್ಟು ಬರುತ್ತೇನೆ. ಕೋಣೆ ಬಿಟ್ಟುಕೊಡುವಾಗ ಜಾಗ ಚೊಕ್ಕವಾಗಿರಬೇಕು.